ಹಸ್ತಪ್ರತಿ ಕಾರ್ಯದ ಗಣಕಯಂತ್ರಕ್ಕೆ ರ‍್ಯಾಮ್: ಆಯ್ಕೆ ಮತ್ತು ಪರೀಕ್ಷೆ

ಷಟ್ಖಂಡಾಗಮದ ಅವತಾರಕಥೆಯನ್ನು ವೀರಸೇನಾಚಾರ್ಯರು ಧವಲಾ ಟೀಕೆಯ ಆರಂಭದಲ್ಲಿ ನಿರೂಪಿಸಿರುವುದು ವಿದ್ವಾಂಸರಿಗೆ ವಿದಿತವೇ ಇದೆ. ಗಿರಿನಗರದ ಚಂದ್ರಗುಹೆಯಲ್ಲಿದ್ದ ಧರಸೇನಾಚಾರ್ಯರು ದಕ್ಷಿಣಾಪಥದಿಂದ ಬಂದ ಇಬ್ಬರು ಮುನಿಗಳಿಗೆ ಶ್ರುತವನ್ನು ಉಪದೇಶಿಸುವ ಮೊದಲು ಅವರ ಯೋಗ್ಯತೆಯನ್ನು ಪರೀಕ್ಷಿಸಬಯಸಿ ಎರಡು ವಿದ್ಯೆಗಳನ್ನು ಕೊಟ್ಟರು. ಒಂದು ಅಧಿಕಾಕ್ಷರ, ಇನ್ನೊಂದು ಹೀನಾಕ್ಷರ. ಉಪವಾಸವಿದ್ದು ಸಾಧಿಸಿದಾಗ ಪ್ರತ್ಯಕ್ಷರಾದ ದೇವತೆಗಳಲ್ಲಿ ಒಬ್ಬಳಿಗೆ ಹಲ್ಲು ಮುಂದೆ ಚಾಚಿತ್ತು, ಮತ್ತೊಬ್ಬಳು ಒಕ್ಕಣ್ಣಿ. ದೇವತೆಗಳಿಗೆ ಇಂಥ ವಿಕಾರವು ಸ್ವಭಾವವಲ್ಲವೆಂದು ಅರಿತ ಮುನಿಗಳು ಮಂತ್ರವ್ಯಾಕರಣದ ಬಲದಿಂದ ಅಕ್ಷರಗಳನ್ನು ಸರಿಪಡಿಸಿ ಮತ್ತೆ ಜಪಿಸಿದರು. ದೇವತೆಗಳು ಸ್ವಸ್ವರೂಪದಲ್ಲಿ ಕಾಣಿಸಿಕೊಂಡರು. ಆ ಬಳಿಕವೇ ಉಪದೇಶ ಆರಂಭವಾಯಿತು. ಪುಷ್ಪದಂತ-ಭೂತಬಲಿಗಳೆಂದು ಪ್ರಸಿದ್ಧರಾದವರು ಈ ಇಬ್ಬರೇ.

ಶ್ರುತವನ್ನು ಒಪ್ಪಿಸುವ ಮೊದಲು ಅದನ್ನು ಧರಿಸುವ ಪಾತ್ರೆಯನ್ನು ಪರೀಕ್ಷಿಸಬೇಕೆಂಬ ಈ ವಿವೇಕವು ಇಂದು ಹಸ್ತಪ್ರತಿ ಭಂಡಾರಗಳಲ್ಲಿ ನಡೆಯುತ್ತಿರುವ ಕೆಲಸಕ್ಕೂ ಬೇಕಾಗಿದೆ. ತಾಡೋಲೆಗಳ ಛಾಯಾಚಿತ್ರಗಳನ್ನು ತೆಗೆದು, ಪಾಠವನ್ನು ಬೆರಳಚ್ಚಿಸಿ, ಸೂಚಿಗಳನ್ನು ಸಿದ್ಧಗೊಳಿಸುವ ಕಾರ್ಯವೆಲ್ಲ ಗಣಕಯಂತ್ರದಲ್ಲಿ ಸಾಗುತ್ತಿದೆ. ಯಂತ್ರವನ್ನು ಕೊಳ್ಳುವಾಗ ಕ್ಯಾಮೆರಾ ಯಾವುದು, ಹಾರ್ಡ್ ಡಿಸ್ಕ್ ಎಷ್ಟು ದೊಡ್ಡದು ಎಂಬ ಚರ್ಚೆ ಧಾರಾಳವಾಗಿ ನಡೆಯುತ್ತದೆ. ಆದರೆ ರ‍್ಯಾಮ್ ಎಂಬ ಅಂಗವನ್ನು ಅಂಗಡಿಯವನ ಇಷ್ಟಕ್ಕೆ ಬಿಡುವುದೇ ರೂಢಿ. ಯಂತ್ರದೊಳಗೆ ಪ್ರವೇಶಿಸುವ ಪ್ರತಿಯೊಂದು ಅಕ್ಷರವೂ ಪ್ರತಿಯೊಂದು ಚಿತ್ರಬಿಂದುವೂ ಆ ಅಂಗವನ್ನು ಹಾದೇ ಡಿಸ್ಕಿಗೆ ಹೋಗಬೇಕೆಂಬುದು ಮರೆತುಹೋಗುತ್ತದೆ.

ಡಿಸ್ಕಿಗೂ ರ‍್ಯಾಮಿಗೂ ಇರುವ ಭೇದವನ್ನು ಲಿಪಿಕಾರನ ದೃಷ್ಟಾಂತದಿಂದ ತಿಳಿಯುವುದು ಸುಲಭ. ಡಿಸ್ಕ್ ಎಂದರೆ ಓಲೆ. ವಿದ್ಯುತ್ತು ಹೋದರೂ ಬರೆದದ್ದು ಉಳಿಯುತ್ತದೆ. ರ‍್ಯಾಮ್ ಎಂದರೆ, ಮೂಲಪ್ರತಿಯ ಒಂದು ಸಾಲನ್ನು ಓದಿದ ಲಿಪಿಕಾರನು ಕಂಠವನ್ನು ಕೈಗೆತ್ತಿಕೊಂಡು ಹೊಸ ಓಲೆಯ ಮೇಲೆ ಕೊರೆಯುವವರೆಗೆ ಆ ಸಾಲನ್ನು ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳುವ ಅಲ್ಪಾವಧಿಯ ಧಾರಣೆ. ಪಾಠದೋಷಗಳಲ್ಲಿ ಬಹುಪಾಲು ಹುಟ್ಟುವುದು ಮೂಲದಲ್ಲೂ ಅಲ್ಲ, ಓಲೆಯಲ್ಲೂ ಅಲ್ಲ, ನಡುವಣ ಈ ಕ್ಷಣದಲ್ಲಿ. ಜೀವಸ್ಥಾನದ ಸತ್ಪ್ರರೂಪಣೆಯ 93ನೆಯ ಸೂತ್ರದ ಪ್ರಸಂಗವು ಎಲ್ಲರಿಗೂ ನೆನಪಿದೆ. ಹೀರಾಲಾಲ ಜೈನರು 1939ರಲ್ಲಿ ಧವಲೆಯ ಮೊದಲ ಸಂಪುಟವನ್ನು ಪ್ರಕಟಿಸಿದಾಗ ಅವರ ಕೈಯಲ್ಲಿದ್ದುದು ಮೂಡಬಿದಿರೆಯ ತಾಡೋಲೆಗಳಲ್ಲ, ಅವುಗಳಿಂದ ಇಳಿದುಬಂದ ಪ್ರತಿಗಳ ಪ್ರತಿಗಳು. ಆ ಪ್ರತಿಗಳಲ್ಲಿ ‘ಸಂಜದಾಸಂಜದ’ ಎಂಬುದರ ಮುಂದಿನ ‘ಸಂಜದ’ ಪದ ಇರಲಿಲ್ಲ. ಒಂದೇ ಬಗೆಯ ಅಕ್ಷರಗಳು ಒತ್ತೊತ್ತಾಗಿ ಬಂದಲ್ಲಿ ಲಿಪಿಕಾರನ ಮನಸ್ಸು ಒಂದನ್ನು ನುಂಗಿಬಿಡುವುದು ಸಹಜವೇ. ಪದವಿರಬೇಕೆಂದು ಸಂಪಾದಕರು ಊಹಿಸಿದ್ದರು. ತಾಡೋಲೆಯೊಡನೆ ಹೋಲಿಸಿದಾಗ ಅದು ಅಲ್ಲಿ ಇದ್ದೇ ಇತ್ತು. ಈ ನಡುವೆ ಆ ಮೂರು ಅಕ್ಷರಗಳಿಗಾಗಿ ದಿಗಂಬರ ಪಂಡಿತಲೋಕದಲ್ಲಿ ನಡೆದ ವಾದವು ಎಷ್ಟು ತೀವ್ರವಾಗಿತ್ತೆಂಬುದನ್ನು ಇಲ್ಲಿ ವಿಸ್ತರಿಸಬೇಕಾಗಿಲ್ಲ.

ಯಂತ್ರದ ಧಾರಣೆಯೂ ತಪ್ಪುವುದುಂಟು. ಅದರ ರಚನೆಯನ್ನು ನೋಡಿದರೆ ತಪ್ಪದಿರುವುದೇ ಆಶ್ಚರ್ಯ. ಐ.ಬಿ.ಎಂ. ಸಂಸ್ಥೆಯ ರಾಬರ್ಟ್ ಡೆನಾರ್ಡ್ ಅವರಿಗೆ 1968ರಲ್ಲಿ ಪೇಟೆಂಟು ದೊರೆತ ವಿಧಾನವೇ ಇಂದಿಗೂ ಬಳಕೆಯಲ್ಲಿದೆ. ಒಂದು ಟ್ರಾನ್ಸಿಸ್ಟರು, ಅದರ ಪಕ್ಕದಲ್ಲಿ ವಿದ್ಯುದಂಶವನ್ನು ಹಿಡಿದಿಡುವ ಒಂದು ಅತಿಸೂಕ್ಷ್ಮ ಕೋಶ. ಕೋಶ ತುಂಬಿದ್ದರೆ ಒಂದು, ಬರಿದಾಗಿದ್ದರೆ ಸೊನ್ನೆ. ಇದೇ ಒಂದು ಬಿಟ್. 16 ಜಿಬಿ ರ‍್ಯಾಮಿನಲ್ಲಿ ಇಂಥ ಕೋಶಗಳು 13,700 ಕೋಟಿಗೂ ಮಿಗಿಲು. ಪ್ರತಿಯೊಂದು ಕೋಶವೂ ಸೋರುತ್ತಲೇ ಇರುತ್ತದೆ. ಆದ್ದರಿಂದ ಡಿ.ಡಿ.ಆರ್.4 ಜಾತಿಯಲ್ಲಿ ಸಾಮಾನ್ಯ ಉಷ್ಣತೆಯಲ್ಲಿ 64 ಮಿಲಿಸೆಕೆಂಡಿಗೊಮ್ಮೆ, ಅಂದರೆ ಸೆಕೆಂಡಿಗೆ ಹದಿನೈದು ಬಾರಿಗೂ ಹೆಚ್ಚಾಗಿ, ಎಲ್ಲ ಕೋಶಗಳನ್ನೂ ಓದಿ ಮತ್ತೆ ತುಂಬಬೇಕು. ಸ್ವಾಧ್ಯಾಯದ ಐದು ಭೇದಗಳಲ್ಲಿ ಆಮ್ನಾಯವೆಂಬುದು ಮಾಡುವ ಕೆಲಸವೇ ಇದು. ಪುನರಾವರ್ತನೆ ನಿಂತರೆ ಪಾಠವೂ ಇಲ್ಲ.

ಕೋಶವೊಂದು ದುರ್ಬಲವಾಗಿದ್ದರೆ ಅಥವಾ ಸಂಪರ್ಕ ಸಡಿಲವಾಗಿದ್ದರೆ ಒಂದು ಸೊನ್ನೆಯಾಗುತ್ತದೆ, ಸೊನ್ನೆ ಒಂದಾಗುತ್ತದೆ. ಚಿಪ್ಪಿನ ಹೊದಿಕೆಯಲ್ಲಿದ್ದ ಅತ್ಯಲ್ಪ ವಿಕಿರಣ ಧಾತುಗಳಿಂದ ಹೊಮ್ಮುವ ಆಲ್ಫಾ ಕಣಗಳೂ ಇದಕ್ಕೆ ಕಾರಣವಾಗಬಲ್ಲವೆಂದು ಇಂಟೆಲ್ ಕಂಪನಿಯ ಮೇ ಮತ್ತು ವುಡ್ಸ್ ಎಂಬ ವಿಜ್ಞಾನಿಗಳು 1970ರ ದಶಕದ ಕೊನೆಯಲ್ಲಿ ತೋರಿಸಿಕೊಟ್ಟರು. ಬೆಲ್ಜಿಯಂ ದೇಶದ ಸ್ಕಾರ್‌ಬೇಕ್ ಎಂಬಲ್ಲಿ 2003ರ ಚುನಾವಣೆಯಲ್ಲಿ ಅಭ್ಯರ್ಥಿಯೊಬ್ಬರಿಗೆ 4096 ಮತಗಳು ಹೆಚ್ಚಾಗಿ ಬಂದವು. ಎರಡನ್ನು ಹನ್ನೆರಡು ಬಾರಿ ಗುಣಿಸಿದರೆ ಬರುವ ಸಂಖ್ಯೆ ಅದು. ಒಂದೇ ಒಂದು ಬಿಟ್ ಮಗುಚಿದ್ದರ ಲಕ್ಷಣ. ಬರಬಹುದಾದುದಕ್ಕಿಂತ ಹೆಚ್ಚು ಮತ ಬಂದುದರಿಂದ ಅದು ಸಿಕ್ಕಿಬಿತ್ತು. ದೇವತೆಯ ಹಲ್ಲು ಚಾಚಿಕೊಂಡಿತ್ತೆನ್ನಬೇಕು.

ಕನ್ನಡ ಪಾಠದಲ್ಲಿ ಹೀಗಾದರೆ ಸಿಕ್ಕಿಬೀಳುವುದೇ? ವಿದ್ವಾಂಸರು ವಿಶೇಷವಾಗಿ ಗಮನಿಸಬೇಕಾದ ಸಂಗತಿ ಇದು. ಯೂನಿಕೋಡ್ ವ್ಯವಸ್ಥೆಯಲ್ಲಿ ಪ್ರತಿಯೊಂದು ಅಕ್ಷರಕ್ಕೂ ಒಂದು ಸಂಖ್ಯೆಯಿದೆ. ದಕಾರಕ್ಕೆ 3238, ಧಕಾರಕ್ಕೆ 3239. ಯಂತ್ರವು ಬಳಸುವ ದ್ವಿಮಾನ ಗಣನೆಯಲ್ಲಿ ಒಂದು ಸಮಸಂಖ್ಯೆಗೂ ಅದರ ಮುಂದಿನ ಬೆಸಸಂಖ್ಯೆಗೂ ಕೊನೆಯ ಒಂದೇ ಅಂಕಿಯ ವ್ಯತ್ಯಾಸ. ಆದ್ದರಿಂದ ಆ ಒಂದು ಬಿಟ್ ಮಗುಚಿದರೆ ದಕಾರವು ಧಕಾರವಾಗುತ್ತದೆ. ಪಕಾರ 3242, ಫಕಾರ 3243. ಬಕಾರ 3244, ಭಕಾರ 3245. ರಕಾರ 3248, ಶಕಟರೇಫವಾದ ಱಕಾರ 3249. ಲಕಾರ 3250, ಳಕಾರ 3251. ಶಕಾರ 3254, ಷಕಾರ 3255. ಸಕಾರ 3256, ಹಕಾರ 3257. ಎತ್ವದ ಚಿಹ್ನೆ 3270, ಏತ್ವದ್ದು 3271. ಕಕಾರ-ಖಕಾರಗಳಾದರೋ ಅದೃಷ್ಟವಶಾತ್ 3221, 3222. ಬೆಸದಿಂದ ಸಮಕ್ಕೆ ದಾಟಬೇಕಾದುದರಿಂದ ಅಲ್ಲಿ ಎರಡು ಬಿಟ್‌ಗಳು ಒಟ್ಟಿಗೆ ಕೆಡಬೇಕು. ಸಂಖ್ಯೆಗಳನ್ನು ಹಂಚಿದವರು ವರ್ಣಮಾಲೆಯ ಕ್ರಮವನ್ನು ಅನುಸರಿಸಿದರೇ ಹೊರತು ಪಾಠಶೋಧನೆಯನ್ನು ಎಣಿಸಿರಲಿಲ್ಲ. ಆದರೂ ಫಲ ಹೀಗಾಗಿದೆ: ಅಲ್ಪಪ್ರಾಣ-ಮಹಾಪ್ರಾಣ, ರ-ಱ, ಲ-ಳ, ಶ-ಷ ಎಂದು ನಮ್ಮ ಲಿಪಿಕಾರರು ಶತಮಾನಗಳಿಂದ ಎಲ್ಲೆಲ್ಲಿ ಎಡವಿದರೋ ಯಂತ್ರವೂ ಸರಿಯಾಗಿ ಅಲ್ಲಲ್ಲಿಯೇ ಎಡವಬಲ್ಲದು.

ಧವಲ ಎಂಬುದು ಧವಳವಾದರೆ ಯಾವ ಸಂಪಾದಕನಿಗೆ ಸಂಶಯ ಬಂದೀತು? ಎರಡೂ ಸಾಧುವೇ. ‘ಅಱಿ’ ಎಂಬ ಧಾತು ‘ಅರಿ’ಯಾದರೆ ಶತ್ರುವಾಚಕವಾಗಿ ಅರ್ಥವನ್ನೂ ಕೊಡಬಲ್ಲದು. ಪ್ರತಿಯಲ್ಲಿ ಹಾಗಿತ್ತೆಂದೇ ಅಡಿಟಿಪ್ಪಣಿಯಲ್ಲಿ ಪಾಠಾಂತರವಾಗಿ ದಾಖಲಾಗುತ್ತದೆ; ಇಲ್ಲದ ಪಾಠಾಂತರವೊಂದು ಓಲೆಯ ಹೆಸರಿನಲ್ಲಿ ಹುಟ್ಟುತ್ತದೆ. ಛಂದಸ್ಸು ಇಲ್ಲಿ ನೆರವಾಗದು, ಏಕೆಂದರೆ ದಕಾರ ಧಕಾರವಾದರೂ ಮಾತ್ರೆ ಬದಲಾಗುವುದಿಲ್ಲ. ಎತ್ವವು ಏತ್ವವಾದರೆ ಗಣ ಕೆಟ್ಟು ತಿಳಿದೀತು, ರ-ಱಗಳು ಪ್ರಾಸಸ್ಥಾನದಲ್ಲಿದ್ದರೆ ಪ್ರಾಸಭಂಗದಿಂದ ತಿಳಿದೀತು, ಉಳಿದೆಡೆ ಇಲ್ಲ. ಗದ್ಯಟೀಕೆಯಲ್ಲಂತೂ ಯಾವ ಕಾವಲೂ ಇಲ್ಲ. ಕಾಲನಿರ್ಣಯದ ಅಂಕಿಗಳಲ್ಲಿ ಅಪಾಯ ಇನ್ನೂ ಹೆಚ್ಚು: ಯಂತ್ರದ ಸಂಕೇತದಲ್ಲಿ 8 ಎಂಬ ಅಂಕಿಗೂ 0 ಎಂಬುದಕ್ಕೂ ಒಂದೇ ಬಿಟ್ ಅಂತರ. ಧವಲೆಯ ಪ್ರಶಸ್ತಿಯ ವರ್ಷವನ್ನು ಶಕ 738 ಎನ್ನಬೇಕೋ ವಿಕ್ರಮ 838 ಎನ್ನಬೇಕೋ ಎಂದು ಚರ್ಚೆ ನಡೆದಿರುವ ಕ್ಷೇತ್ರದಲ್ಲಿ, ಸೂಚಿಯ 738 ಎಂಬುದು 730 ಎಂದಾದರೆ ಮುಂದಿನವರು ಅದಕ್ಕೊಂದು ಮೂರನೆಯ ಪಕ್ಷವನ್ನೇ ಕಟ್ಟಿಯಾರು.

ಇಂಥ ದೋಷವು ಎಷ್ಟು ಅಪರೂಪ? ಗೂಗಲ್ ಕಂಪನಿಯ ಸರ್ವರ್ ಯಂತ್ರಗಳನ್ನು ಎರಡೂವರೆ ವರ್ಷ ಗಮನಿಸಿ 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವರ್ಷವೊಂದರಲ್ಲಿ ನೂರಕ್ಕೆ ಎಂಟಕ್ಕಿಂತ ಹೆಚ್ಚು ರ‍್ಯಾಮ್ ಸ್ಟಿಕ್‌ಗಳು ಒಮ್ಮೆಯಾದರೂ ತಪ್ಪಿದ್ದು ಕಂಡುಬಂತು. ಹೆಚ್ಚು ಮುಖ್ಯವಾದುದು ಮತ್ತೊಂದು ನಿರ್ಣಯ: ತಪ್ಪುಗಳು ಎಲ್ಲ ಸ್ಟಿಕ್‌ಗಳಲ್ಲೂ ಸಮನಾಗಿ ಚದುರಿರಲಿಲ್ಲ, ಒಮ್ಮೆ ತಪ್ಪಿದ್ದೇ ಮತ್ತೆ ಮತ್ತೆ ತಪ್ಪುತ್ತಿತ್ತು. ಅಂದರೆ ಬಹುಪಾಲು ದೋಷವು ಆಕಸ್ಮಿಕವಲ್ಲ, ವಸ್ತುವಿನದೇ. ಕೆಟ್ಟ ಸ್ಟಿಕ್ಕನ್ನು ಪರೀಕ್ಷೆಯಿಂದ ಗುರುತಿಸಿ ಹೊರಗಿಡಲು ಸಾಧ್ಯವೆಂಬ ಭರವಸೆ ಇದರಿಂದ ಸಿಗುತ್ತದೆ.

ಇನ್ನು ಕೊಳ್ಳುವ ವಿಚಾರ. ಯಂತ್ರದ ಮದರ್‌ಬೋರ್ಡ್ ಯಾವ ಪೀಳಿಗೆಯ ರ‍್ಯಾಮನ್ನು ಒಪ್ಪುತ್ತದೆಂಬುದನ್ನು ಮೊದಲು ತಿಳಿಯಬೇಕು. ಡಿ.ಡಿ.ಆರ್.4ರ ಪ್ರಮಾಣವನ್ನು ಜೆಡೆಕ್ ಎಂಬ ಮಂಡಲಿ 2012ರಲ್ಲಿಯೂ ಡಿ.ಡಿ.ಆರ್.5ರದನ್ನು 2020ರಲ್ಲಿಯೂ ಪ್ರಕಟಿಸಿತು. ಎರಡಕ್ಕೂ 288 ಸಂಪರ್ಕಗಳೇ ಇದ್ದರೂ ನಡುವಿನ ಕಚ್ಚು ಬೇರೆ ಬೇರೆ ಕಡೆ ಇರುವುದರಿಂದ ಒಂದು ಮತ್ತೊಂದರ ಸ್ಲಾಟಿನಲ್ಲಿ ಕೂರುವುದಿಲ್ಲ, ಬಲವಂತ ಮಾಡಬಾರದು. ಲ್ಯಾಪ್‌ಟಾಪಿನ ಗಿಡ್ಡ ಸ್ಟಿಕ್ ಡೆಸ್ಕ್‌ಟಾಪಿಗೆ ಆಗದು. ಬೋರ್ಡಿನ ತಯಾರಕರು ಪರೀಕ್ಷಿಸಿ ಒಪ್ಪಿದ ಸ್ಟಿಕ್‌ಗಳ ಪಟ್ಟಿಯನ್ನು ಪ್ರಕಟಿಸಿರುತ್ತಾರೆ. ಅಂಗಡಿಗೆ ಹೋಗುವ ಮುನ್ನ ಅದನ್ನು ಬರೆದುಕೊಂಡು ಹೋದರೆ ಅರ್ಧ ಕೆಲಸ ಮುಗಿದಂತೆ.

ಪ್ರಮಾಣ ಎಷ್ಟಿರಬೇಕೆಂಬುದನ್ನು ಲೆಕ್ಕ ಹಾಕಿಯೇ ನಿರ್ಧರಿಸಬೇಕು. 24 ಅಂಗುಲ ಉದ್ದ, ಎರಡೂವರೆ ಅಂಗುಲ ಅಗಲದ ಓಲೆಯೊಂದನ್ನು ಅಂಗುಲಕ್ಕೆ 600 ಬಿಂದುಗಳಂತೆ ಸ್ಕ್ಯಾನ್ ಮಾಡಿದರೆ 14,400ನ್ನು 1,500ರಿಂದ ಗುಣಿಸಿ 2 ಕೋಟಿ 16 ಲಕ್ಷ ಬಿಂದುಗಳಾಗುತ್ತವೆ. ಬಿಂದುವಿಗೆ ಮೂರು ಬೈಟಿನಂತೆ ಸುಮಾರು 65 ಎಂಬಿ. ವರ್ಣಸೂಕ್ಷ್ಮತೆ ಹೆಚ್ಚಿಸಿ ಆರು ಬೈಟಿನಂತೆ ಹಿಡಿದರೆ 130 ಎಂಬಿ. ಹತ್ತು ಓಲೆಗಳನ್ನು ಒಟ್ಟಿಗೆ ತೆರೆದರೆ 1.3 ಜಿಬಿ. ತಿದ್ದಿದ್ದನ್ನು ಹಿಂದಕ್ಕೆ ತರಲು ತಂತ್ರಾಂಶವು ಹಳೆಯ ರೂಪಗಳನ್ನೂ ಇಟ್ಟುಕೊಳ್ಳುವುದರಿಂದ ಅದರ ಕೆಲವು ಪಟ್ಟು ಬೇಕಾದೀತು. 300 ಓಲೆಗಳ ಎರಡೂ ಮಗ್ಗುಲು ಸೇರಿ 78 ಜಿಬಿ ಆಗುವುದೆಂದು ಕಂಡು ಅಷ್ಟು ರ‍್ಯಾಮ್ ಬೇಕೆಂದು ಗಾಬರಿಯಾಗುವವರಿದ್ದಾರೆ. ಅದು ಡಿಸ್ಕಿನ ಲೆಕ್ಕ, ರ‍್ಯಾಮಿನದಲ್ಲ. ಬೆರಳಚ್ಚು, ಸೂಚಿ, ಸಾಧಾರಣ ಚಿತ್ರಶೋಧನೆಗೆ 16 ಜಿಬಿ ಸಾಕು. ಓಲೆಯನ್ನು ತುಂಡುತುಂಡಾಗಿ ಚಿತ್ರಿಸಿ ಜೋಡಿಸುವ ಕೆಲಸ ನಿತ್ಯವೂ ನಡೆಯುವಲ್ಲಿ 32 ಜಿಬಿ ಇರಲಿ. ಅದಕ್ಕೂ ಮೀರಿದ್ದು ಧನವ್ಯಯ ಮಾತ್ರ. 16 ಬೇಕಾದಲ್ಲಿ 8ರ ಎರಡನ್ನು, 32 ಬೇಕಾದಲ್ಲಿ 16ರ ಎರಡನ್ನು ಒಂದೇ ಪೊಟ್ಟಣದಲ್ಲಿ ಜೋಡಿಯಾಗಿ ಬರುವಂತೆ ಕೊಂಡು ಬೋರ್ಡಿನ ಕೈಪಿಡಿ ಹೇಳಿದ ಸ್ಲಾಟುಗಳಲ್ಲಿ ಕೂರಿಸಿದರೆ ಎರಡು ದಾರಿಗಳಲ್ಲಿ ಒಟ್ಟಿಗೆ ಕೆಲಸ ಸಾಗುತ್ತದೆ. ಬೇರೆ ಬೇರೆ ಕಾಲದಲ್ಲಿ ಕೊಂಡ ಬೇರೆ ಬೇರೆ ತಯಾರಿಕೆಯವನ್ನು ಬೆರೆಸುವುದು ಹಲವು ವೇಳೆ ನಡೆಯುತ್ತದೆ, ಕೆಲವು ವೇಳೆ ನಡೆಯುವುದಿಲ್ಲ. ಆ ಕೆಲವು ವೇಳೆಯ ನಷ್ಟ ದೊಡ್ಡದು.

ವೇಗದ ಹೆಸರಿನಲ್ಲಿ ಮಾರುವವರ ಮಾತಿಗೆ ಮರುಳಾಗಬಾರದು. ಡಿ.ಡಿ.ಆರ್.4ರಲ್ಲಿ ಜೆಡೆಕ್ ಒಪ್ಪಿದ ವೇಗ 3200ರವರೆಗೆ, ವಿದ್ಯುತ್ ಒತ್ತಡ 1.2 ವೋಲ್ಟ್. ಪೆಟ್ಟಿಗೆಯ ಮೇಲೆ 3600, 4000 ಎಂದಿದ್ದರೆ ಅದು ಒತ್ತಡವನ್ನು ಏರಿಸಿ ಓಡಿಸಿದಾಗ ಸಿಗುವ ವೇಗ. ಆಟಗಳನ್ನು ಆಡುವವರಿಗೆ ಅದರಿಂದ ಅಷ್ಟಿಷ್ಟು ಲಾಭವಿರಬಹುದು; ಓಲೆಯ ಪಾಠವನ್ನು ಬೆರಳಚ್ಚಿಸುವವನಿಗೆ ಇಲ್ಲ. ಬಣ್ಣದ ದೀಪಗಳ ಸ್ಟಿಕ್ಕಿಗೆ ಹೆಚ್ಚು ಹಣ ಕೊಡುವ ಬದಲು ಅದೇ ಹಣದಲ್ಲಿ ದೀರ್ಘಾವಧಿಯ ವಾರಂಟಿಯುಳ್ಳ ಸಾದಾ ಸ್ಟಿಕ್ಕನ್ನು ಕೊಳ್ಳುವುದೇ ಲೇಸು.

ಬೆಲೆಯ ಪರಿಸ್ಥಿತಿ ಅನುಕೂಲವಾಗಿಲ್ಲ. ಜಗತ್ತಿನ ರ‍್ಯಾಮ್ ಚಿಪ್ಪುಗಳ ಬಹುಭಾಗವನ್ನು ತಯಾರಿಸುವವು ಸ್ಯಾಮ್ಸಂಗ್, ಎಸ್.ಕೆ. ಹೈನಿಕ್ಸ್, ಮೈಕ್ರಾನ್ ಎಂಬ ಮೂರು ಕಂಪನಿಗಳು. ಕೃತಕ ಬುದ್ಧಿಮತ್ತೆಯ ಬೃಹತ್ ಯಂತ್ರಾಗಾರಗಳ ಬೇಡಿಕೆಯಿಂದ 2025ರ ಉತ್ತರಾರ್ಧದಲ್ಲಿ ಬೆಲೆ ತೀವ್ರವಾಗಿ ಏರಿತು. ಮೈಕ್ರಾನ್ ಕಂಪನಿಯು ಕ್ರೂಶಿಯಲ್ ಹೆಸರಿನ ತನ್ನ ಚಿಲ್ಲರೆ ವ್ಯಾಪಾರವನ್ನು ನಿಲ್ಲಿಸುವುದಾಗಿ ಅದೇ ವರ್ಷದ ಡಿಸೆಂಬರಿನಲ್ಲಿ ಘೋಷಿಸಿತು. ಹೀಗಾಗಿ ಹಳೆಯ ಯಂತ್ರವು ಡಿ.ಡಿ.ಆರ್.4ರದಾಗಿದ್ದರೆ ಹೊಸ ಪೀಳಿಗೆಯ ಮೋಹಕ್ಕೆ ಇಡೀ ಯಂತ್ರವನ್ನು ಬದಲಿಸದೆ ಅದನ್ನೇ ಸಜ್ಜುಗೊಳಿಸುವುದು ಬಡ ಸಂಸ್ಥೆಗಳಿಗೆ ಉಚಿತ.

ಬಳಸಿದ ಸ್ಟಿಕ್‌ಗಳೂ ವರ್ಜ್ಯವಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಅವು ದೊರೆಯುತ್ತವೆ. ಆದರೆ ಅಲ್ಲಿ ಎರಡು ಎಚ್ಚರಿಕೆಗಳು ಅಗತ್ಯ. ಸರ್ವರ್ ಯಂತ್ರಗಳಿಂದ ಕಳಚಿದ ‘ರೆಜಿಸ್ಟರ್ಡ್’ ಜಾತಿಯ ಸ್ಟಿಕ್ ಅಗ್ಗವಾಗಿ ಸಿಗುತ್ತದೆ, ಡಿ.ಡಿ.ಆರ್.4ರಲ್ಲಿ ಅದು ಸಾಮಾನ್ಯ ಡೆಸ್ಕ್‌ಟಾಪಿನ ಸ್ಲಾಟಿನಲ್ಲಿ ಕೂತರೂ ಯಂತ್ರ ಆರಂಭವಾಗುವುದಿಲ್ಲ. ಎರಡನೆಯದು, ಪರೀಕ್ಷೆಯಲ್ಲಿ ದೋಷ ಕಂಡರೆ ಹಿಂದಕ್ಕೆ ತೆಗೆದುಕೊಳ್ಳುವುದಾಗಿ ಅಂಗಡಿಯವನು ರಸೀದಿಯ ಮೇಲೆ ಬರೆದುಕೊಡಬೇಕು. ಬರೆದುಕೊಡಲು ಒಪ್ಪದವನ ಬಳಿ ಕೊಳ್ಳದಿರುವುದೇ ಮೇಲು.

ದೋಷವನ್ನು ತಾನೇ ಕಂಡುಹಿಡಿದು ತಿದ್ದಿಕೊಳ್ಳುವ ರ‍್ಯಾಮ್ ಒಂದುಂಟು, ಇ.ಸಿ.ಸಿ. ಎಂದು ಅದರ ಹೆಸರು. ಗ್ರಂಥದ ಕೊನೆಯಲ್ಲಿ ಗ್ರಂಥಪ್ರಮಾಣವನ್ನು ಬರೆಯುವ ನಮ್ಮ ಪದ್ಧತಿಯನ್ನು ಇಲ್ಲಿ ಸ್ಮರಿಸಬಹುದು. ಧವಲೆಗೆ 72 ಸಾವಿರ, ಜಯಧವಲೆಗೆ 60 ಸಾವಿರ ಶ್ಲೋಕಪ್ರಮಾಣವೆಂದು ಎಣಿಸಿಟ್ಟಿರುವುದರಿಂದ ಪ್ರತಿಯಲ್ಲಿ ಭಾಗವೇನಾದರೂ ಲೋಪವಾಗಿದ್ದರೆ ತಿಳಿಯುತ್ತದೆ. ಎಲ್ಲಿ ಎಂಬುದು ತಿಳಿಯದು, ಅಕ್ಷರ ಬದಲಾದರೆ ಏನೂ ತಿಳಿಯದು. ಬೆಲ್ ಪ್ರಯೋಗಾಲಯದ ರಿಚರ್ಡ್ ಹ್ಯಾಮಿಂಗ್ 1950ರಲ್ಲಿ ಪ್ರಕಟಿಸಿದ ಉಪಾಯವು ಈ ಎರಡು ಕೊರತೆಗಳನ್ನೂ ನೀಗುತ್ತದೆ. ಹಲವು ಎಣಿಕೆಗಳನ್ನು ಒಂದರ ಮೇಲೊಂದು ಹೆಣೆದರೆ ಯಾವ ಸ್ಥಾನದ ಅಂಕಿ ಕೆಟ್ಟಿದೆಯೆಂಬುದೇ ಗೊತ್ತಾಗುತ್ತದೆ. ಸೊನ್ನೆ-ಒಂದುಗಳ ಲೋಕದಲ್ಲಿ ಸ್ಥಾನ ಗೊತ್ತಾದರೆ ತಿದ್ದಿದಂತೆಯೇ. 64 ಬಿಟ್‌ಗಳಿಗೆ 8 ಕಾವಲು ಬಿಟ್‌ಗಳನ್ನು ಸೇರಿಸಿದರೆ ಒಂದು ತಪ್ಪನ್ನು ತಿದ್ದಬಹುದು, ಎರಡಾದರೆ ಎಚ್ಚರಿಸಬಹುದು. ಡಿ.ಡಿ.ಆರ್.4ರ ಇಂಥ ಸ್ಟಿಕ್ಕಿನಲ್ಲಿ ಎಂಟು ಚಿಪ್ಪುಗಳಿರುವೆಡೆ ಸಾಮಾನ್ಯವಾಗಿ ಒಂಬತ್ತು ಕಾಣುತ್ತವೆ.

ಬೆಲೆ ಹೆಚ್ಚು, ಸಂಸ್ಕಾರಕವೂ ಬೋರ್ಡೂ ಅದನ್ನು ಬೆಂಬಲಿಸಬೇಕು. ಕೆಲವು ಬೋರ್ಡುಗಳು ಇ.ಸಿ.ಸಿ. ಸ್ಟಿಕ್ಕನ್ನು ಸ್ವೀಕರಿಸಿಯೂ ಕಾವಲು ಬಿಟ್‌ಗಳನ್ನು ಬಳಸದೆ ಸುಮ್ಮನಿರುತ್ತವೆ; ಕೈಪಿಡಿಯಲ್ಲಿ ಸ್ಪಷ್ಟವಾಗಿ ಹೇಳಿದ್ದರೆ ಮಾತ್ರ ನಂಬಬೇಕು. ಡಿ.ಡಿ.ಆರ್.5ರಲ್ಲಿ ‘ಅದು ಹೇಗೂ ಇದೆ’ ಎಂದು ಮಾರಾಟಗಾರರು ಹೇಳುವುದು ಅರ್ಧಸತ್ಯ. ಅಲ್ಲಿರುವುದು ಚಿಪ್ಪಿನ ಒಳಗಿನ ತಿದ್ದುಪಡಿ ಮಾತ್ರ. ಚಿಪ್ಪಿನಿಂದ ಸಂಸ್ಕಾರಕದವರೆಗಿನ ದಾರಿಯಲ್ಲಿ ಆಗುವ ತಪ್ಪಿಗೆ ಅದು ಕಾವಲಲ್ಲ. ಐದಾರು ಯಂತ್ರಗಳಿರುವ ಸಂಸ್ಥೆಯು ಎಲ್ಲಕ್ಕೂ ಇ.ಸಿ.ಸಿ. ಹಾಕಿಸುವ ಹುಚ್ಚಿಗೆ ಹೋಗದೆ, ಅಂತಿಮ ಪಾಠವನ್ನು ಉಳಿಸುವ ಮತ್ತು ಚಿತ್ರಗಳನ್ನು ಭಂಡಾರದ ಡಿಸ್ಕಿಗೆ ಸೇರಿಸುವ ಒಂದೇ ಯಂತ್ರಕ್ಕೆ ಅದನ್ನು ಒದಗಿಸಿದರೆ ಹಣಕ್ಕೂ ಪಾಠಕ್ಕೂ ನ್ಯಾಯ ಸಲ್ಲುತ್ತದೆ. ಕಡತಗಳ ರಕ್ಷಣೆಗೆ ಎಸ್.ಎಚ್.ಎ.-256 ಮೊದಲಾದ ಚೆಕ್‌ಸಮ್ ತೆಗೆದಿಡುವ ಪದ್ಧತಿ ಈಗ ಹಬ್ಬುತ್ತಿದೆ, ಅದು ಒಳ್ಳೆಯದೇ. ಆದರೆ ಚೆಕ್‌ಸಮ್ ತೆಗೆಯುವ ಮೊದಲೇ ರ‍್ಯಾಮಿನಲ್ಲಿ ಪಾಠ ಕೆಟ್ಟಿದ್ದರೆ ಆ ಕಾವಲು ಕೆಟ್ಟ ಪಾಠವನ್ನೇ ನಿಷ್ಠೆಯಿಂದ ಕಾಯುತ್ತದೆ. ಕಂಡಂತೆ ಬರೆದಿದ್ದೇನೆ, ದೋಷ ತನ್ನದಲ್ಲ ಎಂದು ಪುಷ್ಪಿಕೆಯಲ್ಲಿ ಹೇಳಿಕೊಳ್ಳುವ ಲಿಪಿಕಾರನಂತೆ.

ಇ.ಸಿ.ಸಿ. ಇರಲಿ ಇಲ್ಲದಿರಲಿ, ಪರೀಕ್ಷೆಯನ್ನು ಮಾತ್ರ ಬಿಡಲಾಗದು. ಅದಕ್ಕೆ ಖರ್ಚೂ ಇಲ್ಲ. ಮೆಮ್‌ಟೆಸ್ಟ್86+ ಎಂಬ ಉಚಿತ ತಂತ್ರಾಂಶವನ್ನು ಪೆನ್ ಡ್ರೈವಿಗೆ ಹಾಕಿ ಯಂತ್ರವನ್ನು ಅದರಿಂದಲೇ ಆರಂಭಿಸಬೇಕು. ಅದು ಪ್ರತಿಯೊಂದು ಕೋಶದಲ್ಲೂ ಬಗೆಬಗೆಯ ವಿನ್ಯಾಸಗಳನ್ನು ಬರೆದು, ಮತ್ತೆ ಓದಿ, ಹೋಲಿಸುತ್ತದೆ. ಒಂದು ಸುತ್ತು ಸಾಲದು. ಸಂಜೆ ಕಚೇರಿ ಮುಚ್ಚುವಾಗ ಆರಂಭಿಸಿ ಬೆಳಗಿನವರೆಗೆ, ನಾಲ್ಕು ಸುತ್ತುಗಳಿಗೆ ಕಡಿಮೆಯಿಲ್ಲದಂತೆ ನಡೆಯಲಿ. ನಡುವೆ ವಿದ್ಯುತ್ತು ಹೋಗದಂತೆ ಯು.ಪಿ.ಎಸ್. ಇರಬೇಕು. ತೆರೆಯ ಮೇಲೆ ಒಂದೇ ಒಂದು ತಪ್ಪು ಕಂಡರೂ ‘ಒಂದೇ ತಾನೆ’ ಎಂದು ಬಿಡುವಂತಿಲ್ಲ. ಒಮ್ಮೆ ತಪ್ಪಿದ್ದು ಮತ್ತೆ ತಪ್ಪುತ್ತದೆಂಬುದನ್ನು ಮೇಲೆ ನೋಡಿದ್ದಾಗಿದೆ. ಆಗ ವಿದ್ಯುತ್ ಸಂಪರ್ಕವನ್ನು ತೆಗೆದು, ಕೈಯಿಂದ ಲೋಹದ ಚೌಕಟ್ಟನ್ನು ಮುಟ್ಟಿ, ಸ್ಟಿಕ್ಕನ್ನು ಕಳಚಿ ಚಿಲಕ ಟಕ್ಕೆನ್ನುವಂತೆ ಮತ್ತೆ ಕೂರಿಸಿ ಪರೀಕ್ಷಿಸಬೇಕು. ಸಂಪರ್ಕ ಸಡಿಲವಿದ್ದುದಾದರೆ ಇಷ್ಟರಲ್ಲೇ ಸರಿಹೋಗುತ್ತದೆ. ಹೋಗದಿದ್ದರೆ ಒಂದೊಂದನ್ನೇ ಪ್ರತ್ಯೇಕವಾಗಿ ಇಟ್ಟು ನೋಡಿ, ದೋಷವುಳ್ಳದ್ದನ್ನು ಅದರ ಜೋಡಿಯೊಡನೆ ವಾರಂಟಿಯಲ್ಲಿ ಮರಳಿಸಬೇಕು.

ಪರೀಕ್ಷೆ ಮುಗಿಯುವವರೆಗೆ ಆ ಯಂತ್ರದಲ್ಲಿ ಯಾವ ಓಲೆಯ ಚಿತ್ರವನ್ನೂ ಉಳಿಸಬಾರದು. ಬಳಿಕ ವರ್ಷಕ್ಕೊಮ್ಮೆ, ತೇವ ಹೆಚ್ಚಿರುವ ಕರಾವಳಿಯ ಭಂಡಾರಗಳಲ್ಲಿ ಮಳೆಗಾಲ ಕಳೆದೊಡನೆ, ಮತ್ತೆ ಒಂದು ರಾತ್ರಿ ನಡೆಸುವುದು ಯುಕ್ತ. ಪರೀಕ್ಷೆಯ ದಿನಾಂಕ, ಸುತ್ತುಗಳ ಸಂಖ್ಯೆ, ಕಂಡ ತಪ್ಪುಗಳು, ಸ್ಟಿಕ್ಕಿನ ಮೇಲಿನ ಕ್ರಮಸಂಖ್ಯೆ ಇವನ್ನು ಒಂದು ಚೀಟಿಯಲ್ಲಿ ಬರೆದು ಯಂತ್ರದ ಪೆಟ್ಟಿಗೆಗೆ ಅಂಟಿಸಿ, ಅದೇ ವಿವರವನ್ನು ಭಂಡಾರದ ದಾಖಲೆ ಪುಸ್ತಕದಲ್ಲಿಯೂ ನಮೂದಿಸಬೇಕು. ಮುಂದೆಂದಾದರೂ ಸ್ಟಿಕ್ಕೊಂದು ಕೆಟ್ಟಿರುವುದು ತಿಳಿದರೆ, ಹಿಂದಿನ ಪರೀಕ್ಷೆಯ ದಿನದಿಂದ ಈಚೆಗೆ ಆ ಯಂತ್ರದಲ್ಲಿ ಸಿದ್ಧವಾದ ಪಾಠಗಳು ಯಾವುವೆಂದು ಆ ಪುಸ್ತಕದಿಂದಲೇ ಗೊತ್ತಾಗುತ್ತದೆ. ಅಷ್ಟನ್ನು ಮಾತ್ರ ಮತ್ತೆ ಓಲೆಯೊಡನೆ ಹೋಲಿಸಿದರೆ ಸಾಕು.